ದೇವರ ಗೂಡಾಗದೆ ಉಳಿದ ಮೂಲೆ

ಚಿಕ್ಕಬಳ್ಳಾಪುರದ ಹೊರಗೆ, ಹೆದ್ದಾರಿಯ ಮಗ್ಗುಲಲ್ಲಿ ಒಂದು ತಗಡಿನ ಶೆಡ್ಡಿದೆ. ಅವತ್ತು ಅದರೊಳಗೆ ನಿಂತಿದ್ದವರು ನಾವು ಐದು ಜನ. ನನ್ನ ಜೊತೆ ಒಂದೇ ಶಾಲೆಯಲ್ಲಿ ಪಾಠ ಮಾಡಿ ನಿವೃತ್ತರಾಗಿದ್ದ, ನಾನು ಅಕ್ಕ ಎಂದೇ ಕರೆಯುತ್ತಿದ್ದ ಟೀಚರು, ತೊಂಡೇಬಾವಿಯಿಂದ ಬೈಕಿನಲ್ಲಿ ಬಂದಿದ್ದ ಅವರ ತಮ್ಮ, ಶಿಡ್ಲಘಟ್ಟದಿಂದ ಜೀಪು ತಂದಿದ್ದ ನನ್ನ ಮೈದುನ, ನಾನು, ಮತ್ತೆ ಶೆಡ್ಡಿನ ಯಜಮಾನ. ಈತ ಮೊದಲು ದೋಸೆ, ಗೋಬಿ ಮಾರುವವರಿಗೆ ಗಾಡಿ ಕಟ್ಟಿಕೊಡುತ್ತಿದ್ದವನು. ಈಚೆಗೆ ಬೆಂಗಳೂರಿನವರು ಕೇಳುತ್ತಾರೆಂದು, ಜೀಪಿನ ಹಿಂದೆ ಕಟ್ಟಿಕೊಂಡು ಹೋಗುವ, ಒಳಗೆ ಮಂಚ, ಒಲೆ ಇರುವ ಪುಟ್ಟ ಟ್ರೇಲರುಗಳನ್ನೂ ಮಾಡತೊಡಗಿದ್ದ. ಅಕ್ಕ ಅಂಥದ್ದೊಂದನ್ನು ಕೊಳ್ಳಲು ಬಂದಿದ್ದರು.

"ಅಕ್ಕಯ್ಯ, ಟ್ರೇಲರು ಅಂದ್ರೆ ನಾನು ಗೊಬ್ಬರ ಹೊಡಿಯೋದು ಅನ್ಕೊಂಡಿದ್ದೆ. ಇದೇನು, ಕಿಟಕಿ, ಪರದೆ ಎಲ್ಲಾ ಐತೆ!" ಎಂದ ತಮ್ಮ.

"ಗೊಬ್ಬರದ ಟ್ರೇಲರಲ್ಲಿ ಕೂತ್ಕೊಂಡು ಕೈವಾರಕ್ಕೆ ಹೋಗಕಾಗುತ್ತೇನಪ್ಪ?" ಎಂದು ಅಕ್ಕ ನಕ್ಕರು.

ಅವರು ಎಲ್ಲರಿಗೂ ಹೇಳಿದ್ದು ಅದನ್ನೇ. ವಯಸ್ಸಾಯಿತು, ಪುಣ್ಯಕ್ಷೇತ್ರ ನೋಡಬೇಕು, ಛತ್ರದಲ್ಲಿ ನೆಲದ ಮೇಲೆ ಮಲಗಿದರೆ ಸೊಂಟ ಹಿಡಿಯುತ್ತದೆ, ಅದಕ್ಕೇ ಒಂದು ಗಾಲಿಮನೆ. ತಮ್ಮನಿಗೆ ಇದು ಸರಿಕಂಡಿತ್ತು. ಗಂಡಸರಿಲ್ಲದೆ ವಾಹನ ಕೊಳ್ಳುವುದುಂಟೇ ಎಂದು ತಾನೇ ಬಂದು ನಿಂತಿದ್ದ.

ಶೆಡ್ಡಿನಲ್ಲಿದ್ದದ್ದು ಮೂರು ಟ್ರೇಲರು. ಮೊದಲನೆಯದು ಎರಡು ಅಚ್ಚಿನದು, ನಾಲ್ಕು ಗಾಲಿ, ಲಾರಿಯಷ್ಟು ಉದ್ದ. "ಇದನ್ನ ನನ್ನ ಜೀಪು ಎಳೆಯಲ್ಲ, ಇದೇ ನನ್ನ ಜೀಪನ್ನ ಎಳ್ಕೊಂಡೋಗುತ್ತೆ," ಎಂದ ಮೈದುನ. ಎರಡನೆಯದು ತೀರಾ ಚಿಕ್ಕದು. ಒಳಗೆ ಹಾಸಿಗೆ ಬಿಟ್ಟರೆ ಇನ್ನೇನಿಲ್ಲ, ಬಗ್ಗಿ ಹೋಗಿ ಮಲಗಬೇಕು. ಯಜಮಾನನಿಗೆ ಅದನ್ನೇ ಕೊಡುವ ಮನಸ್ಸು.

"ಮೊದಲನೇ ಸಲ ತಗೊಳೋರು ಹಗುರದ್ದೇ ತಗೋಬೇಕಮ್ಮ. ಚಂದ ನೋಡ್ಬೇಡಿ, ಎಳೆಯೋ ಗಾಡಿ ತಾಕತ್ತು ನೋಡಿ. ಖಾಲಿ ತೂಕ ಎಲ್ರೂ ಹೇಳ್ತಾರೆ. ನೀರು, ಪಾತ್ರೆ, ಬಟ್ಟೆ ತುಂಬಿದ್ಮೇಲೆ ಎಷ್ಟು ಅಂತ ಕೇಳಿ."

"ಇದರಲ್ಲಿ ನೆಟ್ಟಗೆ ನಿಂತ್ಕೊಳಕಾಗಲ್ವಲ್ಲಪ್ಪ," ಎಂದು ಅಕ್ಕ ಮೂರನೆಯದರ ಕಡೆ ಹೋದರು. ಒಂಟಿ ಅಚ್ಚಿನದು, ಎರಡೇ ಗಾಲಿ. ಒಳಗೆ ಒಂದು ಮಂಚ, ಎರಡು ಬರ್ನರಿನ ಒಲೆ, ಕೈತೊಳೆಯುವ ಸಣ್ಣ ಬೋಗುಣಿ, ಹಿಂದಿನ ಮೂಲೆಯಲ್ಲಿ ಒಂದು ಕಿರಿದಾದ ಬಾಗಿಲು. ತಮ್ಮ ಮುಂದಿನ ಕೊಕ್ಕೆ ಹಿಡಿದು ಎತ್ತಿ ನೋಡಿದ. ಟ್ರ್ಯಾಕ್ಟರಿಗೆ ಕಡಲೆಕಾಯಿ ಮೂಟೆ, ಟೊಮೆಟೊ ಕ್ರೇಟು ಹೇರಿ ಹೇರಿ ಪಳಗಿದ ಕೈ.

"ಮುಂದೆ ಭಾರ ಕಮ್ಮಿ ಬಿದ್ರೆ ಹಿಂದ್ಗಡೆ ಬಾಲ ಆಡ್ಸುತ್ತೆ. ಜಾಸ್ತಿ ಬಿದ್ರೆ ಜೀಪಿನ ಮೂತಿ ಮೇಲೇಳುತ್ತೆ. ಇದು ಸಮ ಐತೆ. ಇದೇ ಇರ್ಲಿ. ಆ ಬಾಗಿಲೇನು?"

ಯಜಮಾನ ಹೆಮ್ಮೆಯಿಂದ ತೆರೆದ. "ಕಮೋಡು ಸರ್. ಕೆಳಗೆ ಡಬ್ಬ. ತುಂಬಿದ್ಮೇಲೆ ಹೊರಗಿಂದ ಎಳೆದು ಖಾಲಿ ಮಾಡೋದು."

ಇನ್ನೂ ಯಾರೂ ಮುಟ್ಟದ, ಪ್ಲಾಸ್ಟಿಕ್ ಹೊದಿಕೆಯೂ ಬಿಚ್ಚದ ಆ ಕಮೋಡಿಗೆ ತಮ್ಮ ಟವೆಲಿನಿಂದ ಮೂಗು ಮುಚ್ಚಿಕೊಂಡ. "ಥೂ! ಅನ್ನ ಬೇಯ್ಸೋ ಜಾಗದ ಮಗ್ಗುಲಲ್ಲೇ ಕಕ್ಕಸಾ? ನಮ್ಮಪ್ಪನ ಕಾಲದಿಂದ ಒಲೆ ಇರೋ ಸೂರಿನಡಿ ನಾವು ಅದನ್ನ ಸೇರ್ಸಿಲ್ಲ. ಕಿತ್ತಾಕ್ರಪ್ಪ. ಆ ಮೂಲೇಲಿ ಒಂದು ದೇವರ ಗೂಡು ಮಾಡ್ಕೊಡಿ. ಈಶಾನ್ಯಕ್ಕೆ ಬರುತ್ತೆ."

"ಅಣ್ಣ, ಗಾಡಿ ತಿರುಗಿದ್ರೆ ಈಶಾನ್ಯನೂ ತಿರುಗುತ್ತಲ್ಲ?" ಎಂದ ಮೈದುನ.

"ನಿಲ್ಸುವಾಗ ನೋಡ್ಕೊಂಡು ನಿಲ್ಸೋದಪ್ಪ!"

ಯಜಮಾನನಿಗೂ ಖುಷಿ. ಅದನ್ನು ತೆಗೆದರೆ ತೂಕವೂ ಇಳಿಯುತ್ತದೆ, ಗೂಡಿಗೆ ಒಂದು ಸಣ್ಣ ದೀಪವನ್ನೂ ಕೂರಿಸಿಕೊಡುತ್ತೇನೆ ಎಂದ. ಮೂವರು ಗಂಡಸರೂ ಆ ಮೂಲೆಯನ್ನು ಅಳೆಯತೊಡಗಿದರು. ನಾನು ಅಕ್ಕನ ಮುಖ ನೋಡಿದೆ. ಅವರು ಇಡೀ ಶೆಡ್ಡಿಗೆ ಬಂದದ್ದೇ ಆ ಮೂಲೆಗಾಗಿ. ಅದು ಗೊತ್ತಿದ್ದವಳು ನಾನೊಬ್ಬಳೇ. ಅಕ್ಕ ಸೆರಗನ್ನು ಭುಜದ ಸುತ್ತ ಎಳೆದುಕೊಂಡು, "ಆಗ್ಲಪ್ಪ, ಹಂಗೇ ಮಾಡಿ," ಎಂದುಬಿಟ್ಟರು. ಮೈದುನನ ಎದುರಿಗೆ ಕಕ್ಕಸು ಇರಲಿ ಎಂಬ ಮಾತು ನನ್ನ ಬಾಯಿಗೂ ಬರಲಿಲ್ಲ.

ಅಕ್ಕ ಎಂಥವರು ಎಂದು ಹೇಳಬೇಕಾದರೆ ನಾನು ನೀರಿನಿಂದಲೇ ಶುರು ಮಾಡಬೇಕು. ಮಂಡಿಕಲ್ ಹೋಬಳಿಯ ಹಳ್ಳಿಯೊಂದರ ಶಾಲೆಗೆ ನಾನು ಹೊಸದಾಗಿ ಹೋದಾಗ, ಮಧ್ಯಾಹ್ನ ಊಟದ ಡಬ್ಬಿ ಬಿಚ್ಚಿ ಅವರ ಕಡೆಗೆ ನೀರಿನ ಬಾಟಲಿ ಚಾಚಿದೆ. ಅವರು ತುಟಿ ಒದ್ದೆ ಮಾಡಿಕೊಂಡು ವಾಪಸು ಕೊಟ್ಟರು.

"ಇಲ್ಲಿ ಕೆಲಸ ಮಾಡ್ಬೇಕು ಅಂದ್ರೆ ಮೊದಲು ಇದನ್ನ ಕಲ್ತ್ಕೋ ಕಣೇ. ಪಾಠ ಮಾಡೋದು ಆಮೇಲೆ."

ಶಾಲೆಯಲ್ಲಿ ಹೆಂಗಸರಿಗೆ ಜಾಗವಿರಲಿಲ್ಲ. ಗಂಡು ಮೇಷ್ಟ್ರುಗಳು ಕಾಂಪೌಂಡಿನ ಹಿಂದಕ್ಕೆ ಹೋಗಿ ಪಂಚೆ ಸರಿಮಾಡಿಕೊಳ್ಳುತ್ತಾ ಬರುವರು. ನಾವು ಬೆಳಗ್ಗೆ ಮನೆ ಬಿಟ್ಟರೆ ಸಂಜೆ ಮನೆ ಸೇರುವವರೆಗೆ ಹಾಗೇ. ಎಷ್ಟೋ ವರ್ಷದ ಮೇಲೆ ಒಂದು ಕಟ್ಟಿಸಿದರು. ಅದಕ್ಕೆ ಬೀಗ ಹಾಕಿ ಒಳಗೆ ಆಟದ ಸಾಮಾನು ತುಂಬಿದರು. ಕೀಲಿ ಕೇಳಬೇಕೆಂದರೆ ಸ್ಟಾಫ್ ರೂಮಿನಲ್ಲಿ ಎಲ್ಲರೆದುರು ಹೆಡ್‌ಮಾಸ್ಟರ ಮುಂದೆ ನಿಲ್ಲಬೇಕು. ಅಕ್ಕ ಕೇಳಲಿಲ್ಲ. ನಾವು ಯಾರೂ ಕೇಳಲಿಲ್ಲ.

ಹಾಗೆಂದು ಅಕ್ಕ ಸಪ್ಪಗಿನ ಹೆಂಗಸಲ್ಲ. ಅವರ ತರಗತಿಯಲ್ಲಿ ನಗು ಪಕ್ಕದ ಕೋಣೆಗೂ ಕೇಳಿಸುತ್ತಿತ್ತು. ನಗುವಾಗ ಸೀಮೆಸುಣ್ಣ ಹಿಡಿದ ಕೈಯನ್ನೇ ಬಾಯಿಗೆ ಅಡ್ಡ ಇಟ್ಟುಕೊಳ್ಳುವರು. ಮೂಗಿನ ಕೆಳಗೆ ಬಿಳೀ ಮೀಸೆ ಮೂಡುವುದು. ಮಕ್ಕಳು ಅದಕ್ಕೆ ಇನ್ನಷ್ಟು ನಗುವರು. "ನಿಮ್ಮ ಮಿಸ್ಸಿಗೆ ಮೀಸೆ ಬಂತೇನ್ರೋ? ಹಂಗಾದ್ರೆ ಇವತ್ತಿಂದ ನಾನೇ ಹೆಡ್‌ಮೇಷ್ಟ್ರು," ಎನ್ನುವರು. ಗಂಡ ಮದುವೆಯಾದ ಕೆಲವೇ ವರ್ಷಕ್ಕೆ ತೀರಿಹೋಗಿದ್ದರು, ಮಕ್ಕಳಿರಲಿಲ್ಲ. ಚಿಂತಾಮಣಿಯಲ್ಲಿ ಒಂದು ಪುಟ್ಟ ಮನೆ ಮಾಡಿಕೊಂಡು ಒಬ್ಬರೇ ಇದ್ದರು. ತಮ್ಮನನ್ನು ಓದಿಸಿದ್ದೂ, ಅವನ ಮದುವೆ ಮಾಡಿದ್ದೂ ಅವರೇ.

ಒಂದು ವಿಷಯದಲ್ಲಿ ಮಾತ್ರ ಬೇರೆ ಟೀಚರುಗಳಿಗೆ ಅವರ ಮೇಲೆ ಕೋಪ. ಹುಡುಗಿಯರು ಎದ್ದು ನಿಂತು, "ಮಿಸ್, ಹೊರಗೆ ಹೋಗ್ಲಾ?" ಅಂದರೆ ಪರೀಕ್ಷೆಯ ನಡುವೆಯೂ ಬೇಡ ಅಂದವರಲ್ಲ. "ಹೋಗ್ಬಾರಮ್ಮ. ಇಬ್ರು ಹೋಗಿ. ಓಡ್ಬೇಡಿ." ಮಕ್ಕಳನ್ನು ಹಾಳು ಮಾಡ್ತೀರಿ ಎಂದು ಯಾರೋ ಆಕ್ಷೇಪಿಸಿದಾಗ ಅಕ್ಕ ತಿರುಗಿ ನೋಡಿದರು. "ತಡ್ಕೊಳೋದು ಅವಕ್ಕೆ ನಾವು ಕಲಿಸ್ಬೇಕಾ? ಅದನ್ನ ಊರೇ ಕಲಿಸುತ್ತೆ, ಸುಮ್ನಿರ್ರಿ."

ವರ್ಷಗಟ್ಟಲೆ ತಡೆದ ದೇಹ ಒಂದು ದಿನ ತಡೆಯುವುದನ್ನೇ ಬಿಟ್ಟಿತು. ನಿವೃತ್ತಿಯಾದ ಮೇಲೆ ಇಬ್ಬರೂ ಚಿಂತಾಮಣಿಯಿಂದ ಚಿಕ್ಕಬಳ್ಳಾಪುರಕ್ಕೆ ಬಸ್ಸಿನಲ್ಲಿ ಹೋಗುತ್ತಿದ್ದೆವು. ದಾರಿಯ ನಡುವೆ, ಸ್ಟಾಪೂ ಇಲ್ಲದ ಕಡೆ ಅಕ್ಕ ಎದ್ದು ನಿಂತು ಬಸ್ಸು ನಿಲ್ಲಿಸಿ ಎಂದರು. "ಏನಮ್ಮ, ಹೊಲ ನೋಡ್ಬೇಕಾ?" ಎಂದ ಕಂಡಕ್ಟರು. ಬಸ್ಸಿನಲ್ಲಿ ನಾಲ್ಕಾರು ಜನ ನಕ್ಕರು. ಅಕ್ಕ ಕೈಚೀಲವನ್ನು ಸೀರೆಯ ಹಿಂಭಾಗಕ್ಕೆ ಒತ್ತಿ ಹಿಡಿದುಕೊಂಡು ಇಳಿದರು. ನಾನೂ ಇಳಿದೆ. ಬಸ್ಸು ಹೋಯಿತು. ಹಿಪ್ಪುನೇರಳೆ ತೋಟದ ಬದುವಿನ ಮೇಲೆ, ಸೀರೆ ಒಣಗುವವರೆಗೆ ಇಬ್ಬರೂ ಬಿಸಿಲಿಗೆ ಬೆನ್ನು ಕೊಟ್ಟು ಕೂತೆವು.

"ನೀನು ಯಾಕೆ ಇಳಿದ್ಯೇ?" ಎಂದರು ಕೊನೆಗೆ. ಆಮೇಲೆ, "ಯಾರಿಗೂ ಹೇಳ್ಬೇಡ."

ಅಂದಿನಿಂದ ಅವರು ಎಲ್ಲಿಗೂ ಹೋಗಲಿಲ್ಲ. ನಾಮಕರಣ, ಸೀಮಂತ, ತಿಥಿ ಯಾವುದಕ್ಕೂ ಇಲ್ಲ. ಗಂಡನಿಲ್ಲದವರು ಎಂದು ನೋಡದೆ ಹಸೆ ಬರೆಯಲು, ಆರತಿ ಹಾಡು ಹೇಳಲು ಅಕ್ಕನನ್ನೇ ಕರೆಯುತ್ತಿದ್ದ ನೆಂಟರು, ಪೆನ್ಷನ್ ಬಂದಮೇಲೆ ಟೀಚರಿಗೆ ಜಂಬ ಬಂತು ಎಂದು ಆಡಿಕೊಂಡರು. ತಮ್ಮನ ಮನೆ ಇನ್ನೂ ಕಷ್ಟ. ಮಹಡಿ ಮನೆ, ನೆಲಕ್ಕೆಲ್ಲ ಹೊಳೆಯುವ ಕಲ್ಲು. ಆದರೆ ಕಕ್ಕಸು ಮಾತ್ರ ಹಿತ್ತಲಾಚೆ, ದನದ ಕೊಟ್ಟಿಗೆ ದಾಟಿ. ಅಲ್ಲಿಗೆ ಹೋಗಬೇಕಾದರೆ ಗಂಡಸರು ಕೂತ ಪಡಸಾಲೆಯ ಮುಂದೆಯೇ ಚೊಂಬು ಹಿಡಿದು ಹಾದುಹೋಗಬೇಕು. ಒಂದು ಸಲವಾದರೆ ಸರಿ, ಗಂಟೆಗೊಮ್ಮೆ ಹೇಗೆ ಹೋಗುವುದು? ತಮ್ಮ ಕರೆದಾಗಲೆಲ್ಲ ಅಕ್ಕನಿಗೆ ಒಂದಲ್ಲ ಒಂದು ನೆಪ. ಈಗ ಅವನ ಮಗಳ ಮದುವೆ ಗೊತ್ತಾಗಿತ್ತು. ಆ ಹುಡುಗಿಗೆ ಮೊದಲು ತೊಟ್ಟಿಲು ತೂಗಿದ್ದು ಅಕ್ಕನೇ.

"ಅದಕ್ಕೂ ಹೋಗದೆ ಇದ್ರೆ ನಾನು ಇದ್ದೂ ಇಲ್ದಂಗೆ ಕಣೇ," ಎಂದು ಒಂದು ದಿನ ಅತ್ತುಬಿಟ್ಟರು.

ಟ್ರೇಲರಿನ ಯೋಚನೆ ಬಂದದ್ದು ಅವರ ಬೀದಿಯಲ್ಲೇ. ಕೈವಾರಕ್ಕೆ ಹೊರಟಿದ್ದ ಯಾರದೋ ಟ್ರೇಲರು ಟೀ ಅಂಗಡಿಯ ಮುಂದೆ ನಿಂತಿತ್ತಂತೆ. ಅದರ ಬಾಗಿಲು ತೆರೆದು ಒಬ್ಬ ವಯಸ್ಸಾದ ಹೆಂಗಸು, ಒದ್ದೆ ಕೈ ಕೊಡವುತ್ತಾ, ಯಾರ ಮುಖವನ್ನೂ ನೋಡದೆ, ಯಾವ ಅವಸರವೂ ಇಲ್ಲದೆ ಇಳಿದಳಂತೆ. "ಆ ಕೈ ಕೊಡವಿದ್ದು ನೋಡ್ದೆ, ಸಾಕಾಯ್ತು ನಂಗೆ," ಎಂದಿದ್ದರು ಅಕ್ಕ.

ಅಂಥ ಮೂಲೆಯನ್ನು ಈಗ ದೇವರಿಗೆ ಕೊಟ್ಟು ಬಂದಿದ್ದೆವು. ಇನ್ನೇನು ಶೆಡ್ಡಿನವರು ಅದನ್ನು ಕಿತ್ತುಬಿಡುತ್ತಾರೆ. ಅಕ್ಕ ಫೋನು ಕೈಯಲ್ಲಿ ಹಿಡಿದು ಯಜಮಾನನ ನಂಬರು ಒತ್ತುವರು, ಅವನು ಹಲೋ ಅನ್ನುತ್ತಲೇ ಇಟ್ಟುಬಿಡುವರು. ಕೊನೆಗೆ, ಹಿಂದಿನ ಸಂಜೆಯಿಂದ ನೀರು ಮುಟ್ಟದೆ, ನನ್ನನ್ನು ಜೊತೆ ಮಾಡಿಕೊಂಡು ಬಸ್ಸು ಹತ್ತಿದರು.

ಶೆಡ್ಡಿನ ಮುಂದೆ ಯಜಮಾನನ ತಾಯಿ ಅವರೆಕಾಯಿ ಸುಲಿಯುತ್ತಾ ಕೂತಿದ್ದಳು. ಆಂಧ್ರದ ಗಡಿಯ ಕಡೆಯ ಮುದುಕಿ, ತೆಲುಗು ಬಿಟ್ಟರೆ ಬೇರೆ ಬಾರದು. ಅಕ್ಕ ಅವಳ ಎದುರಿಗೆ ಕುಕ್ಕರಗಾಲಲ್ಲಿ ಕೂತು ತಾವೂ ಸುಲಿಯತೊಡಗಿದರು. ಸೊಗಡಿನ ವಾಸನೆ, ಕೈಗೆ ಅಂಟು. ಅಕ್ಕನ ತಾಯಿಯ ಮನೆಮಾತೂ ತೆಲುಗೇ. ಕನ್ನಡದಲ್ಲಿ ಇಷ್ಟು ದಿನ ಬಾಯಿಗೆ ಬಾರದ್ದನ್ನು ಅವರು ಕಾಯಿಯ ಮೇಲೆ ಕಣ್ಣಿಟ್ಟುಕೊಂಡೇ ತೆಲುಗಿನಲ್ಲಿ ಮೆಲ್ಲಗೆ ಹೇಳಿದರು: ಆ ಕಕ್ಕಸು ತೆಗೀಬೇಡ ಅಂತ ನಿಮ್ಮ ಮಗನಿಗೆ ಹೇಳಮ್ಮ, ನನಗೆ ತಡೆಯಕಾಗಲ್ಲ.

ಮುದುಕಿ ಅಕ್ಕನನ್ನು ಒಂದು ಗಳಿಗೆ ನೋಡಿದಳು. "ದಾನಿಕಿ ಸಿಗ್ಗೆಂದುಕಮ್ಮಾ?" ಎಂದಳು. ಅದಕ್ಕೆ ನಾಚಿಕೆ ಯಾಕಮ್ಮ ಎಂದು. ಅಷ್ಟಕ್ಕೆ ಬಿಟ್ಟಿದ್ದರೆ ಚೆನ್ನಾಗಿತ್ತು. ಶೆಡ್ಡಿನ ಒಳಕ್ಕೆ ಮುಖ ತಿರುಗಿಸಿ, ಹೊಲದಾಚೆಗೂ ಕೇಳುವ ಗಂಟಲಲ್ಲಿ, "ಒರೇಯ್! ಈ ಟೀಚರಮ್ಮ ದೊಡ್ಡಿ ತೀಯಕುರಾ!" ಎಂದು ಕೂಗಿದಳು. ಕಕ್ಕಸು ಕೀಳಬೇಡವೋ ಎಂದು. ವೆಲ್ಡಿಂಗು ನಿಂತಿತು. ಒಳಗಿದ್ದವರೆಲ್ಲ ಹೊರಗೆ ಇಣುಕಿದರು. ಅಕ್ಕ ಸೆರಗಿನಲ್ಲಿ ಮುಖ ಮುಚ್ಚಿಕೊಂಡರು. ಮುಖ ಮುಚ್ಚಿದವರ ಭುಜ ಅಲುಗುತ್ತಿತ್ತು. ನಗುವೋ ಅಳುವೋ ನನಗೆ ಇಂದಿಗೂ ಗೊತ್ತಿಲ್ಲ.

ಕಮೋಡು ಇದ್ದಲ್ಲೇ ಉಳಿಯಿತು. ದೇವರ ಗೂಡು ಮಂಚದ ತಲೆಯ ಕಡೆ ಹೋಯಿತು. ಟ್ರೇಲರು ಚಿಂತಾಮಣಿಗೆ ಬಂದ ದಿನ ಗಾಲಿಗೆ ನಿಂಬೆಹಣ್ಣು ಇಡಲು ಬಂದ ತಮ್ಮ, ಮುಚ್ಚಿದ್ದ ಆ ಬಾಗಿಲು ನೋಡಿ, "ಅದು ಇನ್ನೂ ಹಂಗೇ ಐತಲ್ಲ?" ಎಂದ.

"ಬೀರು ಮಾಡ್ಸಿದೀನಿ ಕಣಪ್ಪ, ಸೀರೆ ಇಟ್ಕೊಳಕೆ," ಎಂದರು ಅಕ್ಕ.

ಮೊದಲ ಪಯಣ ಕೈವಾರಕ್ಕೆ. ಮೈದುನ ಜೀಪು ಓಡಿಸಿದ. ರೇಷ್ಮೆಗೂಡು ಸಾಗಿಸುವ ಜೀಪು, ಅದರ ಕಮಟು ವಾಸನೆ ಎಷ್ಟು ತೊಳೆದರೂ ಹೋಗದು. ಮಧ್ಯಾಹ್ನ ಒಂದು ಹುಣಸೆ ಮರದ ಕೆಳಗೆ ನಿಲ್ಲಿಸಿ ಚಿತ್ರಾನ್ನ ಬಿಚ್ಚಿದೆವು. ಅಕ್ಕ ಲೋಟ ತುಂಬ ನೀರು ಬಗ್ಗಿಸಿಕೊಂಡು, ತಲೆಯೆತ್ತಿ, ಗಟಗಟ ಕುಡಿದರು. ಇಷ್ಟು ವರ್ಷದಲ್ಲಿ ಮನೆಯ ಹೊರಗೆ ಅವರು ನೀರು ಕುಡಿದದ್ದನ್ನು ನಾನು ನೋಡಿದ್ದು ಅದೇ ಮೊದಲು. ನೀರು ಗಲ್ಲದಿಂದ ಕತ್ತಿಗೆ ಇಳಿಯಿತು, ಒರೆಸಿಕೊಳ್ಳಲಿಲ್ಲ.

"ಇನ್ನೊಂದು ಲೋಟ ಕೊಡೇ. ಮಜ್ಜಿಗೆನೂ ಕೊಡು."

"ಅತ್ತಿಗೆ, ನಮಗೂ ಒಂದಿಷ್ಟು ಉಳಿಸಕ್ಕೆ ಹೇಳಿ," ಎಂದ ಏನೂ ತಿಳಿಯದ ಮೈದುನ. ಅಕ್ಕ ನಕ್ಕು ನಕ್ಕು ಕೆಮ್ಮಿದರು.

ಮದುವೆಗೆ ಹೋದದ್ದೂ ಅದರಲ್ಲೇ. ತೊಂಡೇಬಾವಿಯ ಮನೆಯ ಅಂಗಳಕ್ಕೆ ನಮ್ಮ ಜೀಪು ತಿರುಗುತ್ತಿದ್ದಂತೆ ತಮ್ಮ ಚಪ್ಪರದಿಂದ ಓಡಿಬಂದ. ಅಕ್ಕ ಬಂದರಲ್ಲ ಎಂಬ ಸಂತೋಷ ಟ್ರೇಲರು ಕಂಡ ಕೂಡಲೇ ಇಳಿದುಹೋಯಿತು.

"ಇದ್ಯಾಕಕ್ಕಯ್ಯ? ಇದು ಯಾತ್ರೆಗೆ ಅಂದಿದ್ರಿ. ನಮ್ಮನೇಲಿ ನಿಮಗೊಂದು ಮಂಚ ಇಲ್ವಾ?"

"ಮಂಚ ಐತಪ್ಪ. ಸೊಂಟ ನೋವು ನಂಗೆ, ಇದರಲ್ಲೇ ಅಭ್ಯಾಸ ಆಗ್ಬಿಟ್ಟಿದೆ."

"ಬೀಗರು ಏನಂತಾರೆ? ಸಾಕಿದ ಅಕ್ಕನ್ನ ತಮ್ಮ ಬೀದೀಲಿ ಮಲಗ್ಸವ್ನೆ ಅಂತಾರೆ. ಸರ್ಕಸ್ಸಿನೋರ ಥರ ಮದುವೆ ಮನೆ ಮುಂದೆ ಡೇರೆ ಹಾಕ್ಕೊಂಡು…"

"ಡೇರೆ ಅಲ್ಲಪ್ಪ. ಬಾಗಿಲೈತೆ."

ನೆಂಟರು ಸುತ್ತ ಸೇರಿದ್ದರು. ಒಂದೇ ಒಂದು ಮಾತು ಸಾಕಿತ್ತು. ಆ ಮಾತನ್ನು ಅಷ್ಟು ಜನರ ನಡುವೆ ಅಕ್ಕ ಆಡಲಾರರು. ಆಡಬೇಡ ಎಂದು ನನಗೂ ಕಣ್ಣಲ್ಲೇ ಹೇಳಿದರು. "ಹಂಗಾದ್ರೆ ಕಾಂಪೌಂಡಿನಾಚೆ ನಿಲ್ಸಿ, ನನ್ನ ಬಾಗಿಲಿಗೆ ಬೇಡ," ಎಂದ ತಮ್ಮ. ಮೈದುನ ಟ್ರೇಲರನ್ನು ಹುಲ್ಲಿನ ಬಣವೆಯ ಪಕ್ಕಕ್ಕೆ ಹಿಂದಕ್ಕೆ ಹಾಕಲು ಹೆಣಗಾಡಿದ. ಇವನು ಎಡಕ್ಕೆ ತಿರುಗಿಸಿದರೆ ಅದು ಬಲಕ್ಕೆ ಮುರಿಯುವುದು. ನೋಡುವವರೆಲ್ಲ ನಗತೊಡಗಿದಾಗ ತಮ್ಮನಿಗೆ ತಡೆಯಲಾಗಲಿಲ್ಲ. "ಇಳಿಯೋ ಆಚೆ!" ಎಂದು ಮೈದುನನನ್ನು ಇಳಿಸಿ, ತಾನೇ ಕೂತು, ಒಂದೇ ಸಲಕ್ಕೆ ಬಣವೆಗೆ ನೇರವಾಗಿ ನಿಲ್ಲಿಸಿ, ಅಕ್ಕನ ಮುಖ ನೋಡದೆ ಹೋದ.

ಅಕ್ಕ ಹಸೆ ಬರೆದರು. ಧಾರೆ ಮುಗಿಯುವವರೆಗೆ ಮುಂದಿನ ಸಾಲಿನಲ್ಲೇ ಇದ್ದರು. ನಡುನಡುವೆ ಮೆಲ್ಲಗೆ ಎದ್ದು ಹೋಗಿ ಬರುವರು, ಯಾರಿಗೂ ತಿಳಿಯದು. ಅದನ್ನು ಗಮನಿಸಿದ್ದ ತಮ್ಮನ ಹೆಂಡತಿ ಮಾತ್ರ ಊಟದ ಹೊತ್ತಿಗೆ, ನಾವಿಬ್ಬರು ಕೂತಿದ್ದ ಟ್ರೇಲರಿನೊಳಗೆ ಬಂದಳು. ಭಾರದ ರೇಷ್ಮೆ ಸೀರೆ, ಮುಖ ಬಿಗಿದುಕೊಂಡಿದ್ದಳು. "ವದಿನಾ," ಎಂದಳು, ಅತ್ತಿಗೆ ಎಂದು. ಕಣ್ಣು ಹಿಂದಿನ ಮೂಲೆಯ ಕಡೆಗಿತ್ತು. ಅಕ್ಕ ಎದ್ದು ಆ ಕಿರಿದಾದ ಬಾಗಿಲು ತೆರೆದು, ನನ್ನ ಕೈ ಹಿಡಿದುಕೊಂಡು ಹೊರಗೆ ಬಂದು ನಿಂತರು. ಅವಳು ಹೊರಗೆ ಬಂದಾಗ ಕಣ್ಣು ತುಂಬಿತ್ತು. "ಬೆಳಗಿಂದ ಹಿತ್ತಲಿಗೆ ಹೋಗಕಾಗಿಲ್ಲ ವದಿನಾ. ಎಲ್ಲಾ ಕಡೆ ಬೀಗರ ಗಂಡಸ್ರು ಕೂತವ್ರೆ."

"ಇನ್ನೊಂದ್ಸಲ ಬೇಕಾದ್ರೂ ಬಾರಮ್ಮ. ಅವನಿಗೆ ಹೇಳ್ಬೇಡ, ಅಷ್ಟೆ."

ಅವಳೂ ಹೇಳಲಿಲ್ಲ. ತಮ್ಮ ಮಾತು ಬಿಟ್ಟ. ಹಬ್ಬಕ್ಕೆ ಫೋನಿಲ್ಲ, ತವರಿನ ಸೀರೆಯೂ ಇಲ್ಲ. "ನನ್ನ ತಪ್ಪೇನಿದೆ ಅಂತ ಅವನಿಗೆ ಹೇಳ್ಬೇಕು ಅಂತ ಕೂತ್ಕೋತೀನಿ. ಎತ್ತಿ ಆಡಿಸಿದ ಮಗು ಅದು, ಅವನ ಮುಂದೆ ಹೆಂಗೆ ಹೇಳ್ಲೇ?" ಎನ್ನುವರು. ಹಾಗೆ ಕೂತೇ ಎರಡು ಮಳೆಗಾಲ ಕಳೆಯಿತು. ಹೋದ ವರ್ಷ ಚಳಿಗಾಲದಲ್ಲಿ, ಒಂದು ಬೆಳಗ್ಗೆ ಹಾಲಿನವನು ಎಷ್ಟು ಕೂಗಿದರೂ ಅಕ್ಕ ಬಾಗಿಲು ತೆರೆಯಲಿಲ್ಲ.

ತಮ್ಮ ಬಂದವನು ಯಾರ ಮಾತನ್ನೂ ಕೇಳದೆ ಅಕ್ಕನ ದೇಹವನ್ನು ತೊಂಡೇಬಾವಿಗೆ ಒಯ್ದು, ಅಪ್ಪ ಅಮ್ಮನ ಮಗ್ಗುಲಲ್ಲಿ ತಮ್ಮ ಹೊಲದಲ್ಲೇ ಮಣ್ಣು ಮಾಡಿದ. ಬೀದಿಯಲ್ಲಿ ಮಲಗಿ ತನಗೆ ಅವಮಾನ ಮಾಡಿದರಲ್ಲ ಎಂದು ಅವತ್ತೂ ಅಂದನಂತೆ. ಆಗ ಅವನ ಹೆಂಡತಿ ಎಲ್ಲವನ್ನೂ ಹೇಳಿದಳು.

"ಮೊದಲೇ ಯಾಕೆ ಹೇಳ್ಲಿಲ್ಲ?" ಎಂದನಂತೆ.

"ಹೇಳಿದ್ರೆ ಮೂಗು ಮುಚ್ಕೊಳ್ತಿದ್ರಿ," ಎಂದಳಂತೆ ಇವಳು.

ಮೂರನೇ ದಿನ ಹಾಲು ತುಪ್ಪ ಬಿಡಲು ಹೊಲಕ್ಕೆ ಹೋದೆವು. ಚಿಂತಾಮಣಿ, ಕೈವಾರ, ಗೌರಿಬಿದನೂರಿನಿಂದ ಟೆಂಪೊಗಳಲ್ಲಿ ಹೆಂಗಸರು ಬಂದಿದ್ದರು. ನಮ್ಮ ಶಾಲೆಯಲ್ಲಿ ಓದಿದವರೂ ಇದ್ದರು. ಸುತ್ತ ಬಯಲು, ರಾಗಿ ಕೊಯ್ದ ಕೂಳೆ, ಮರೆಗೆ ಒಂದು ಗಿಡವಿಲ್ಲ. ಹೊಲದ ಅಂಚಿನ ಹೊಂಗೆ ಮರದ ಕೆಳಗೆ, ತಮ್ಮ ಚಿಂತಾಮಣಿಯಿಂದ ತರಿಸಿದ್ದ ಅಕ್ಕನ ಟ್ರೇಲರು ನಿಂತಿತ್ತು. ತಮ್ಮ ಪಂಚೆ ಎತ್ತಿಕಟ್ಟಿ, ಬೋರ್‌ವೆಲ್ಲಿನ ಪೈಪು ಹಿಡಿದು ಅದರ ಟ್ಯಾಂಕಿಗೆ ನೀರು ತುಂಬಿಸುತ್ತಿದ್ದ.

"ಟೀಚರಮ್ಮ, ಹೆಂಗಸ್ರಿಗೆ ಹೇಳಿ," ಎಂದ, ಪೈಪಿನಿಂದ ಕಣ್ಣೆತ್ತದೆ.

"ಏನಂತ ಹೇಳ್ಲಣ್ಣ?"

"ಹಿಂಗೆ… ಐತೆ ಅಂತ."

ಹೇಳಿದೆ. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅಷ್ಟು ಗಂಡಸರ ಎದುರಿಗೆ ಯಾರೂ ಏಳಲಿಲ್ಲ. ತಮ್ಮ ಸ್ವಲ್ಪ ಹೊತ್ತು ಕಾದ. ಆಮೇಲೆ ಪೈಪು ಕೆಳಗಿಟ್ಟು, ಆಳುಗಳನ್ನು ಕರೆಯುವ ದೊಡ್ಡ ಗಂಟಲಲ್ಲಿ ಹೇಳಿದ.

"ಅಮ್ಮಯ್ಯನೋರೆ, ಕಕ್ಕಸು ಇಲ್ಲೈತೆ. ನಮ್ಮಕ್ಕಂದು. ನೀರು ತುಂಬ್ಸಿದೀನಿ. ನಾಚ್ಕೊಬೇಡ್ರಿ, ಹೋಗ್ಬನ್ರಿ."

ಹೇಳಿ, ಗಂಡಸರನ್ನೆಲ್ಲ ಎಬ್ಬಿಸಿಕೊಂಡು, ಬದುವಿನ ಮೇಲೆ ಹೊಲದ ಆ ತುದಿಗೆ ನಡೆದು, ನಮಗೆ ಬೆನ್ನು ಮಾಡಿ ಕೂತ. ಮೊದಲು ಎದ್ದವಳು ಅವನ ಹೆಂಡತಿ. ಅವಳ ಹಿಂದೆ ಕೈವಾರದ ಒಬ್ಬ ಮುದುಕಿ. ಆಮೇಲೆ ನಾನು.